ಕುಂಡಕ್ಕೊಂದು ಪಾಲು, ನೆಲಕ್ಕೊಂದು ಪಾಲು

ಕುಂಡಕ್ಕೆ ಮಣ್ಣು ತುಂಬುವುದೂ ಒಂದು ವಿದ್ಯೆಯೇ ಎಂದು ನಗುವವರು ಒಮ್ಮೆ ತುಂಬಿ, ಆಮೇಲೆ ನೆಲ ಗುಡಿಸಬೇಕು. ಮೊರಕ್ಕೆ ಬಂದ ಮಣ್ಣಿನಲ್ಲಿ ಇನ್ನೊಂದು ಪುಟ್ಟ ಕುಂಡವೇ ತುಂಬುತ್ತದೆ. ಗಿಡ ನೆಡುವುದು ಹತ್ತು ನಿಮಿಷ, ಬಾಲ್ಕನಿ ತೊಳೆಯುವುದು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗೆ ಕಾರಣ ಮಣ್ಣೂ ಅಲ್ಲ, ಕೈಯೂ ಅಲ್ಲ. ಅಗೆಯುವ ಸಾಮಾನಿನಿಂದ ಮೊಗೆಯಲು ಹೋಗುವುದು.

ಗಣರಾಜ್ಯೋತ್ಸವಕ್ಕೋ ಸ್ವಾತಂತ್ರ್ಯ ದಿನಕ್ಕೋ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ಬರುವಾಗ ನಾಲ್ಕು ಗಿಡ ತರುತ್ತಾರೆ. ಜೊತೆಗೆ ಐದು ಸಾಮಾನಿನ ಒಂದು ಸೆಟ್ಟೂ ಬರುತ್ತದೆ: ಹಸಿರೋ ಕೆಂಪೋ ಹಿಡಿ, ತಗಡಿನ ಬಾಯಿ. ಅದರಲ್ಲಿ ಎಲೆಯಾಕಾರದ್ದು ಇಂಗ್ಲಿಷಿನ ‘ಟ್ರೊವೆಲ್’, ಅದಕ್ಕೆ ಅಂಗಡಿಯವರು ಹೇಳುವ ಹೆಸರು ‘ಟ್ರಾವೆಲ್’. ಹೆಸರಿಗೆ ತಕ್ಕ ಹಾಗೆ ಅದು ಸದಾ ಪ್ರಯಾಣದಲ್ಲೇ ಇರುತ್ತದೆ. ಬೇಕಾದಾಗ ಮನೆಯಲ್ಲಿ ಇರುವುದಿಲ್ಲ, ಸಿಕ್ಕಿದಾಗ ಮಳೆಯಲ್ಲಿ ನೆಂದು ತುಕ್ಕು ಹಿಡಿದಿರುತ್ತದೆ. ಪಾಪ, ಅದನ್ನು ಬೈದು ಪ್ರಯೋಜನವಿಲ್ಲ. ನೆಲಕ್ಕೆ ಚುಚ್ಚಿ ಸಣ್ಣ ಗುಂಡಿ ತೋಡಲಿ ಎಂದು ಮಾಡಿದ ಸಾಮಾನು ಅದು. ಚುಚ್ಚಲು ತುದಿ ಚೂಪಾಗಿರಬೇಕು, ಮೈ ಕಿರಿದಾಗಿರಬೇಕು, ಅಂಚು ತಗ್ಗಾಗಿರಬೇಕು. ಮಣ್ಣು ಹೊರಲು ಬೇಕಾದದ್ದು ಇದಕ್ಕೆ ತದ್ವಿರುದ್ಧ: ಅಗಲ ಬಾಯಿ, ಎತ್ತರದ ಗೋಡೆ, ಹಿಂದುಗಡೆ ಒಂದು ಅಡ್ಡ. ಅಂಥ ಸಾಮಾನೇ ಮೊಗೆ.

ಲೆಕ್ಕ ಹಾಕಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಮೇಲೆ ಹತ್ತು ಇಂಚು ಅಗಲ, ಕೆಳಗೆ ಏಳು ಇಂಚು, ಹತ್ತು ಇಂಚು ಎತ್ತರದ ಮಾಮೂಲಿ ಕುಂಡಕ್ಕೆ, ಮೇಲೆ ನೀರಿಗೆ ಜಾಗ ಬಿಟ್ಟು, ಸುಮಾರು ಎಂಟು ಲೀಟರ್ ಮಣ್ಣು ಬೇಕು. ಟ್ರಾವೆಲ್‌ನಲ್ಲಿ ಒಂದು ಸಲಕ್ಕೆ ಕಾಲು ಲೀಟರ್ ಬಂದರೆ ಹೆಚ್ಚು, ಅದೂ ಗೋಪುರದ ಹಾಗೆ ಪೇರಿಸಿದರೆ. ಅಂದರೆ ಮೂವತ್ತೆರಡು ಸಲ ಬಾಂಡ್ಲಿಗೂ ಕುಂಡಕ್ಕೂ ಓಡಾಟ. ಪ್ರತಿ ಸಲ ಗೋಪುರದ ಕಳಶ ನೆಲಕ್ಕೆ ಉರುಳುತ್ತದೆ. ಬರಿಗೈಲಿ ತುಂಬಿದರೆ ಎಂಬತ್ತು ಹಿಡಿ. ಲೀಟರ್ ಹಿಡಿಯುವ ಮೊಗೆ ಇದ್ದರೆ ಎಂಟೇ ಸಲ. ಉದುರುವುದು ಎತ್ತಿದ ಸಲದ ಲೆಕ್ಕದಲ್ಲೇ ಹೊರತು ಮಣ್ಣಿನ ತೂಕದ ಲೆಕ್ಕದಲ್ಲಲ್ಲ.

ಟ್ರಾವೆಲ್ ಸಿಗದಿದ್ದಾಗ ಮನೆಯ ಇತರ ಸದಸ್ಯರು ರಂಗಕ್ಕೆ ಬರುತ್ತಾರೆ. ಗಾರೆ ಕೆಲಸದ ಕರಣೆ ಒಬ್ಬ. ಗಾರೆ ಅಂಟಿಕೊಳ್ಳುವ ಪದಾರ್ಥ, ಚಪ್ಪಟೆ ತಗಡಿನ ಮೇಲೂ ಕೂರುತ್ತದೆ. ಕುಂಡದ ಮಣ್ಣು ಉದುರು, ಕರಣೆಯ ಮೂರೂ ಕಡೆಯಿಂದ ಜಾರುತ್ತದೆ. ಕಸದ ಮೊರ ಇನ್ನೊಬ್ಬ. ಮಣ್ಣೇನೋ ಧಾರಾಳವಾಗಿ ಹೊರುತ್ತದೆ, ಆದರೆ ಮೊರದ ಬಾಯಿ ಹನ್ನೆರಡು ಇಂಚು, ಕುಂಡದ ಬಾಯಿ ಹತ್ತು. ಉಳಿದ ಎರಡು ಇಂಚಿನ ಮಣ್ಣು ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ ಗಣಿತ ಬೇಕಿಲ್ಲ. ಇನ್ನು ಸಾರಿನ ಸೌಟು. ಅದರಿಂದ ಬರುವ ಅಪಾಯ ತೋಟಗಾರಿಕೆಗೆ ಸಂಬಂಧಿಸಿದ್ದಲ್ಲ. ಎಷ್ಟೇ ತಿಕ್ಕಿ ತೊಳೆದು ವಾಪಸು ಇಟ್ಟರೂ, ಸೌಟಿನ ಹಿಡಿ ಸೇರುವ ಸಂದಿಯಲ್ಲಿ ಒಂದು ಗೀರು ಕೆಮ್ಮಣ್ಣು ಉಳಿದೇ ಇರುತ್ತದೆ. ಅದು ಹುಳಿ ಬಡಿಸುವ ಹೊತ್ತಿಗೇ ಕಣ್ಣಿಗೆ ಬೀಳುತ್ತದೆ, ಅದೂ ನೆಂಟರೆದುರಿಗೆ.

ಇವುಗಳಲ್ಲಿ ಮರ್ಯಾದೆ ಉಳಿಸಿಕೊಂಡದ್ದು ತೆಂಗಿನ ಕರಟ ಒಂದೇ. ಕಣ್ಣಿಲ್ಲದ ಅರ್ಧವನ್ನೇ ಆರಿಸಿಕೊಳ್ಳಬೇಕು, ಕಣ್ಣಿರುವ ಅರ್ಧದಲ್ಲಿ ತೂತಿನಿಂದ ಮಣ್ಣು ಸೋರುತ್ತದೆ. ಹಿಡಿ ಇಲ್ಲ ಎನ್ನುವುದೊಂದೇ ಕೊರತೆ. ಮಲೆನಾಡು, ಕರಾವಳಿಯವರಿಗೆ ಅದೂ ಬೇಡ, ಅಂಗಳದಲ್ಲಿ ಅಡಿಕೆ ಹಾಳೆ ಬಿದ್ದಿರುತ್ತದೆ. ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು, ಒಂದು ತುದಿ ಮಡಚಿ ಕಟ್ಟಿದರೆ ಮೂರು ಕಡೆ ಗೋಡೆ, ಒಂದು ಕಡೆ ಬಾಯಿ. ಪೇಟೆಯವರು ಇದನ್ನು ತಟ್ಟೆಯ ರೂಪದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ, ಆದರೆ ತಟ್ಟೆಯಿಂದ ಮಣ್ಣು ತುಂಬಲಾಗದು.

ಹಾಳೆ ಇಲ್ಲದ ಊರಿನಲ್ಲಿ ಅತ್ಯುತ್ತಮ ಮೊಗೆ ಬಚ್ಚಲುಮನೆಯ ಮೂಲೆಯಲ್ಲಿದೆ: ಖಾಲಿಯಾದ ಐದು ಲೀಟರಿನ ಕ್ಯಾನು. ಎಲ್ಲ ಕ್ಯಾನೂ ಆಗುವುದಿಲ್ಲ. ಅಡುಗೆ ಎಣ್ಣೆಯ ಪಾರದರ್ಶಕ ಜಾರ್‌ಗೆ ಹಿಡಿಯನ್ನು ಕೊರಳಿಗೆ ತಗುಲಿಸಿರುತ್ತಾರೆ. ಮಣ್ಣಿನ ಭಾರಕ್ಕೆ ಮೈ ಬಾಗಿ, ಹಿಡಿ ಕೈಯಲ್ಲಿ ಉಳಿದು ಜಾರ್ ಕುಂಡಕ್ಕೆ ಬೀಳುತ್ತದೆ. ಬೇಕಾದದ್ದು ಫಿನೈಲ್ ಅಥವಾ ಪಾತ್ರೆ ತೊಳೆಯುವ ದ್ರಾವಣ ಬರುವ ದಪ್ಪ, ಮಾಸಲು ಬಿಳಿಯ ಕ್ಯಾನು. ಹಿಡಿ ಅದರ ಮೈಯಲ್ಲೇ ಮೂಡಿರಬೇಕು. ಕೀಟನಾಶಕದ ಕ್ಯಾನು ಎಷ್ಟು ತೊಳೆದರೂ ಬೇಡ. ಮಣ್ಣಿಗೆ ಹೋದದ್ದು ಸೊಪ್ಪಿಗೆ, ಸೊಪ್ಪಿನಿಂದ ಹೊಟ್ಟೆಗೆ.

ಕ್ಯಾನನ್ನು ಹಿಡಿ ಮೇಲಕ್ಕೆ ಬರುವಂತೆ ಅಡ್ಡ ಮಲಗಿಸಿ. ಮುಚ್ಚಳ ಬಿಗಿಯಾಗಿರಲಿ, ಅದೇ ಹಿಂದುಗಡೆಯ ಅಡ್ಡ. ಹಿಡಿ ಮುಗಿಯುವ ಜಾಗದಿಂದ ಎರಡು ಬೆರಳು ಆಚೆಗೆ ಮಾರ್ಕರ್‌ನಿಂದ ಗುರುತು ಹಾಕಿ, ಅಲ್ಲಿಂದ ಎರಡೂ ಪಕ್ಕಕ್ಕೆ ಓರೆಯಾಗಿ ಗೆರೆ ಇಳಿಸಿ, ಎದುರು ಮುಖದಲ್ಲಿ ಕ್ಯಾನಿನ ತಳದ ಹತ್ತಿರ ಸೇರಿಸಬೇಕು. ಕತ್ತರಿಸಿದಾಗ ಮೇಲ್ಗಡೆ ಗಿಡ್ಡ, ಕೆಳಗಡೆ ಉದ್ದ ನಾಲಿಗೆ. ಈ ಗೆರೆಯಲ್ಲೇ ಮೊದಲ ತಪ್ಪು ನಡೆಯುವುದು. ಕ್ಯಾನನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಗೆರೆ ಎಳೆದವರು ಹಿಡಿಯ ಕಡೆ ಉದ್ದ ಬಿಟ್ಟು ನಾಲಿಗೆಯನ್ನೇ ಕತ್ತರಿಸಿಬಿಡುತ್ತಾರೆ. ಅಂಥ ಮೊಗೆಯಲ್ಲಿ ಮಣ್ಣು ತುಂಬಬೇಕಾದರೆ ಕೈಯನ್ನು ತಲೆಕೆಳಗು ಮಾಡಬೇಕು, ಹಿಡಿ ಮಣ್ಣಿನೊಳಗೆ ಹೂತುಹೋಗುತ್ತದೆ.

ಎರಡನೆಯ ತಪ್ಪು ಅಡುಗೆಮನೆಯ ಚಾಕುವನ್ನು ಗ್ಯಾಸಿನ ಮೇಲೆ ಕಾಯಿಸಿ ಕತ್ತರಿಸುವುದು. ಪ್ಲಾಸ್ಟಿಕ್ ಕರಗಿ ಚಾಕುವಿಗೆ ಅಂಟುತ್ತದೆ, ಗೆರೆ ಹಾವಿನಂತೆ ಹೊರಳುತ್ತದೆ, ಮನೆಯೆಲ್ಲ ವಾಸನೆ. ಸೌಟಿನ ಪ್ರಕರಣ ಇತ್ಯರ್ಥವಾಗುವ ಮೊದಲೇ ಚಾಕುವಿನ ಪ್ರಕರಣ ದಾಖಲಾಗುತ್ತದೆ. ಒಂದು ತೂತು ಮಾಡಿಕೊಂಡು, ಆಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ನಿಧಾನವಾಗಿ ಎಳೆದರೆ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಕತ್ತರಿಸಿದ ಅಂಚಿಗೆ ಸ್ಯಾಂಡ್ ಪೇಪರ್ ತೋರಿಸಿ, ನಾಲಿಗೆಯ ಎರಡು ಮೂಲೆ ದುಂಡಗೆ ಮಾಡಿ. ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಸೀಳು ಶುರುವಾಗುತ್ತದೆ.

ಇದರಲ್ಲಿ ಒಂದು ಸಲಕ್ಕೆ ಎರಡು ಲೀಟರ್‌ವರೆಗೆ ಬರುತ್ತದೆ. ಬರುತ್ತದೆ ಎಂದು ತುಂಬಬಾರದು. ಒದ್ದೆ ಮಣ್ಣು ಎರಡು ಲೀಟರ್ ಎಂದರೆ ಎರಡು ಕೆಜಿಗೂ ಮೇಲೆ, ಹತ್ತು ಕುಂಡ ಮುಗಿಯುವಷ್ಟರಲ್ಲಿ ಮಣಿಕಟ್ಟು ಮಾತಾಡಲು ಶುರು ಮಾಡುತ್ತದೆ. ಅರ್ಧ ತುಂಬಿ. ಇನ್ನೊಂದು ಮಾತು: ಮೊಗೆಯ ಬಾಯಿ ಕುಂಡದ ಬಾಯಿಗಿಂತ ಕಿರಿದಾಗಿರಬೇಕು, ಮೂರನೇ ಎರಡು ಭಾಗ ಇದ್ದರೆ ಸರಿ. ಹತ್ತು ಇಂಚಿನ ಕುಂಡಕ್ಕೆ ಐದು ಲೀಟರಿನ ಕ್ಯಾನು, ಆರು ಇಂಚಿನದಕ್ಕೆ ಇದೇ ರೀತಿ ಕತ್ತರಿಸಿದ ಒಂದು ಲೀಟರಿನ ದಪ್ಪ ಬಾಟಲಿ. ಸುರಿಯುವಾಗ ಮೇಲಿಂದ ಬಗ್ಗಿಸಬೇಡಿ. ನಾಲಿಗೆಯನ್ನು ಕುಂಡದ ಅಂಚಿನ ಒಳಗೆ ಊರಿ, ಆಮೇಲೆ ಹಿಡಿ ಎತ್ತಿ. ಕುಡಿಯುವ ನೀರನ್ನು ಲೋಟದ ಅಂಚಿಗೆ ತಾಗಿಸಿ ಬಗ್ಗಿಸುತ್ತೇವಲ್ಲ, ಅದೇ ವರಸೆ.

ಮೊಗೆ ಸರಿಯಿದ್ದೂ ಕೆಲಸ ಕೆಡುವುದು ಮಣ್ಣಿನ ಹದದಿಂದ. ಕೆಮ್ಮಣ್ಣು, ಕಾಂಪೋಸ್ಟು, ಕೋಕೋಪೀಟು (ತೆಂಗಿನ ನಾರಿನ ಪುಡಿ) ಸಮಸಮ ಹಾಕಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸುವುದು ತಾರಸಿ ತೋಟದವರ ರೂಢಿ. ಈ ಮಿಶ್ರಣವನ್ನು ಮುಷ್ಟಿಯಲ್ಲಿ ಅದುಮಿದರೆ ಉಂಡೆ ಕಟ್ಟಬೇಕು, ಬೆರಳಲ್ಲಿ ತಿವಿದರೆ ಬಿರಿಯಬೇಕು, ತಂಬಿಟ್ಟಿನ ಹದ. ಇನ್ನೂ ಒದ್ದೆಯಾದರೆ ಮೊಗೆಯ ಒಳಮೈಗೆ ಮೆತ್ತಿಕೊಂಡು, ನಾಲ್ಕು ಸಲ ಕುಟ್ಟಿದ ಮೇಲೆ ಒಟ್ಟಿಗೇ ದಪ್ಪೆಂದು ಬಿದ್ದು ಎಳೆ ಗಿಡದ ಕುತ್ತಿಗೆ ಮುರಿಯುತ್ತದೆ. ತೀರಾ ಒಣಗಿದ್ದರೆ ಧೂಳು ಮೂಗಿಗೆ, ಮಣ್ಣು ತಳದ ತೂತಿನಿಂದ ಹೊರಗೆ. ಒಣ ಕೋಕೋಪೀಟು ಮೊದಲು ನೀರನ್ನು ಒಳಗೆ ಬಿಟ್ಟುಕೊಳ್ಳುವುದೂ ಇಲ್ಲ. ಹೊಯ್ದ ನೀರು ಕುಂಡದ ಗೋಡೆಗುಂಟ ಜಾರಿ ಕೆಳಗಿನ ತಟ್ಟೆ ಸೇರುತ್ತದೆ, ಬೇರು ಬಾಯಿಬಿಟ್ಟುಕೊಂಡು ಕೂತಿರುತ್ತದೆ.

ಕೋಕೋಪೀಟಿನ ಐದು ಕೆಜಿ ಇಟ್ಟಿಗೆಯ ಬಗ್ಗೆ ಒಂದು ಎಚ್ಚರಿಕೆ ಕೊಡಲೇಬೇಕು. ನೋಡಲು ದಿಂಬಿನಷ್ಟೂ ಇಲ್ಲ. ಬಕೆಟ್ಟಿನಲ್ಲಿಟ್ಟು ನೀರು ಹಾಕಿ ಒಳಗೆ ಹೋದವರು ಕಾಫಿ ಮುಗಿಸಿ ಬರುವಷ್ಟರಲ್ಲಿ ಬಕೆಟ್ಟು ಕಾಣಿಸುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಲೀಟರ್ ನೀರು ಕುಡಿದು ಅದು ಎಪ್ಪತ್ತು ಲೀಟರಿನ ಹತ್ತಿರ ಉಬ್ಬುತ್ತದೆ. ಆರುನೂರೈವತ್ತು ಗ್ರಾಮಿನ ಸಣ್ಣ ಇಟ್ಟಿಗೆಯೇ ಎಂಟು ಲೀಟರಿಗೆ ಬರುತ್ತದೆ, ನಾಲ್ಕು ಗಿಡದ ಮನೆಗೆ ಅದು ಧಾರಾಳ ಸಾಕು.

ಗ್ರೋ ಬ್ಯಾಗಿನದು ಬೇರೆಯೇ ಗೋಳು. ಕುಂಡ ಬಾಯಿ ತೆರೆದು ನಿಲ್ಲುತ್ತದೆ, ಚೀಲ ನಿಲ್ಲುವುದಿಲ್ಲ. ಒಂದು ಕೈ ಬಾಯಿ ಹಿಡಿಯಲು, ಒಂದು ಕೈ ಮೊಗೆಗೆ, ಒಂದು ಕೈ ಚೀಲ ವಾಲದಂತೆ ತಡೆಯಲು. ಮೂರನೆಯ ಕೈ ಇಲ್ಲದವರು ಚೀಲದ ಅಂಚನ್ನು ಎರಡು ಇಂಚು ಹೊರಕ್ಕೆ ಮಡಚಬೇಕು, ಬಳೆಯಂತೆ ಗಟ್ಟಿಯಾಗಿ ಬಾಯಿ ತೆರೆದೇ ಇರುತ್ತದೆ. ಮೊದಲ ಎರಡು ಮೊಗೆ ಮಣ್ಣನ್ನು ತಳದ ಮೂಲೆಗಳಿಗೆ ಒತ್ತಿದರೆ ಮುಂದಿನದು ನೆಟ್ಟಗೆ ಏರುತ್ತದೆ. ತಳ ಸರಿ ಕೂರಿಸದೆ ತುಂಬಿದ ಚೀಲ ಟೊಮೆಟೊ ಬಿಡುವ ಹೊತ್ತಿಗೆ ಪಕ್ಕದ ಚೀಲದ ಹೆಗಲ ಮೇಲೆ ತಲೆಯಿಟ್ಟು ಮಲಗಿರುತ್ತದೆ.

ಈ ವಿದ್ಯೆಯಲ್ಲಿ ನಿಜವಾದ ಪಂಡಿತರು ಚಿಕ್ಕಮಗಳೂರು, ಕೊಡಗಿನ ಕಾಫಿ ನರ್ಸರಿಗಳಲ್ಲಿದ್ದಾರೆ. ಅಲ್ಲಿ ಕಾಡುಮಣ್ಣು ಆರು ಪಾಲು, ಕಳಿತ ಗೊಬ್ಬರ ಎರಡು, ಮರಳು ಒಂದು ಪಾಲು ಜರಡಿ ಹಿಡಿದು ಬೆರೆಸಿ, ಆರು ಇಂಚು ಅಗಲ ಒಂಬತ್ತು ಇಂಚು ಉದ್ದದ ತೆಳು ಪಾಲಿಥಿನ್ ಚೀಲಗಳಿಗೆ ಸಾವಿರಗಟ್ಟಲೆ ತುಂಬಬೇಕು. ಡಿಸೆಂಬರ್, ಜನವರಿಯಲ್ಲಿ ಪಾತಿಗೆ ಹಾಕಿದ ಬೀಜ ಮೊಳೆತು ತಲೆಯ ಮೇಲೆ ಟೋಪಿ ಹೊತ್ತು ನಿಲ್ಲುವಷ್ಟರಲ್ಲಿ ಚೀಲಗಳು ಸಾಲಾಗಿ ತಯಾರಿರಬೇಕು. ಕರಣೆ ಹಿಡಿದು ಕೂತರೆ ಟೋಪಿ ಬಿದ್ದುಹೋಗಿ ಎಲೆ ಬಂದಿರುತ್ತದೆ. ಈ ಕೆಲಸಕ್ಕೆ ಎಪ್ಪತ್ತೈದು ಮಿಲಿಮೀಟರಿನ ಪಿವಿಸಿ ಪೈಪಿನ ಒಂದು ಅಡಿ ತುಂಡು ಸಾಕು. ಒಂದು ತುದಿ ಓರೆಯಾಗಿ ಕತ್ತರಿಸಿ, ನೆಟ್ಟಗಿನ ತುದಿಗೆ ಚೀಲವನ್ನು ಕಾಲಿಗೆ ಸಾಕ್ಸ್ ಹಾಕಿದ ಹಾಗೆ ಏರಿಸಿ, ಓರೆ ತುದಿಯನ್ನು ಮಣ್ಣಿನ ರಾಶಿಗೆ ನೂಕಿ ಎತ್ತಿ ನಿಲ್ಲಿಸಿದರೆ ಮಣ್ಣು ಜರ್ರನೆ ಚೀಲದ ತಳಕ್ಕೆ ಇಳಿಯುತ್ತದೆ. ಪೈಪಿನಲ್ಲಿ ಹಿಡಿಸುವುದು ಸುಮಾರು ಒಂದು ಲೀಟರ್, ಚೀಲಕ್ಕೆ ಬೇಕಾದದ್ದು ಅದಕ್ಕಿಂತ ಒಂದು ಹಿಡಿ ಹೆಚ್ಚು. ಚೀಲ ಎಳೆದುಕೊಂಡು ನೆಲಕ್ಕೆ ಒಂದು ಸಲ ಕುಟ್ಟಿ, ಆ ಹಿಡಿ ಸೇರಿಸಿದರೆ ಮುಗಿಯಿತು. ತಾರಸಿಯಲ್ಲಿ ಸಸಿ ಮಾಡುವವರೂ ಕಣ್ಣು ಮುಚ್ಚಿ ಇದನ್ನು ಅನುಸರಿಸಬಹುದು.

ಕುಂಡದ ತಳದ ತೂತಿಗೆ ಹೆಂಚಿನ ಚೂರೊಂದನ್ನು ಕವುಚಿ ಇಟ್ಟರೆ ಸಾಕು. ನೀರು ಬಸಿಯಲಿ ಎಂದು ಮೂರು ಇಂಚು ಜಲ್ಲಿ ಹಾಕುವವರಿದ್ದಾರೆ. ಮಣ್ಣಿನ ಸಣ್ಣ ಸಂದಿಯಲ್ಲಿ ನಿಂತ ನೀರು ಜಲ್ಲಿಯ ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಒದ್ದೆ ಪದರ ಮೂರು ಇಂಚು ಮೇಲಕ್ಕೆ, ಬೇರಿನ ಬುಡಕ್ಕೇ ಬಂದು ಕೂರುತ್ತದೆ. ಅಷ್ಟು ಮಣ್ಣಿನ ಜಾಗವೂ ನಷ್ಟ, ಕುಂಡ ಎತ್ತುವಾಗ ಸೊಂಟವೂ ನಷ್ಟ.

ಮೇಲ್ಗಡೆ ಒಂದರಿಂದ ಒಂದೂವರೆ ಇಂಚು ಖಾಲಿ ಬಿಡಿ ಎಂದರೆ ಜನ ಕೇಳುವುದಿಲ್ಲ. ದುಡ್ಡು ಕೊಟ್ಟು ತಂದ ಮಣ್ಣು, ಮೊಗೆಯಲ್ಲಿ ಇನ್ನೂ ಉಳಿದಿದೆ, ಹಾಕಿಬಿಡೋಣ ಎನ್ನುವ ಬುದ್ಧಿ. ಅಂಚಿನವರೆಗೆ ತುಂಬಿದ ಕುಂಡಕ್ಕೆ ಮೊದಲ ಚೊಂಬು ನೀರು ಹೊಯ್ದಾಗ ಅದು ಮಣ್ಣಿನೊಳಗೆ ಇಳಿಯದೆ, ಮಣ್ಣನ್ನೂ ಕರೆದುಕೊಂಡು ಅಂಚು ದಾಟಿ, ಬಾಲ್ಕನಿಯ ಸಂದಿ ಹುಡುಕಿ, ಕೆಳಗಿನ ಮನೆಯವರು ಒಣಹಾಕಿದ ಬಿಳಿ ಪಂಚೆಯ ಮೇಲೆ ಇಳಿಯುತ್ತದೆ. ಕೆಮ್ಮಣ್ಣಿನ ಕಲೆ ಪಂಚೆಯಿಂದ ಹೋಗುವುದಿಲ್ಲ. ಮಾರನೆಯ ದಿನ ಮೆಟ್ಟಿಲ ಹತ್ತಿರ ಸಿಕ್ಕಿದಾಗ ಅವರು ‘ಗಿಡ ಚೆನ್ನಾಗಿ ಬಂದಿದೆಯಾ?’ ಎಂದು ಕೇಳುತ್ತಾರೆ. ಕೇಳುವ ರೀತಿಯಲ್ಲೇ ಪಂಚೆ ಇರುತ್ತದೆ.

ಹಾಗೆಂದು ಜಾಗ ಮಾಡಲು ಮೊಗೆಯ ಬೆನ್ನಿನಿಂದ ಮಣ್ಣನ್ನು ಕುಟ್ಟಿ ಅದುಮಬಾರದು, ಗಾಳಿಯ ಸಂದಿ ಮುಚ್ಚಿ ಬೇರು ಉಸಿರುಗಟ್ಟುತ್ತದೆ. ಕುಂಡವನ್ನೇ ಎರಡು ಸಲ ನೆಲಕ್ಕೆ ಮೆಲ್ಲಗೆ ಕುಟ್ಟಿ, ನೀರು ಹಾಕಿ. ತಾನಾಗಿ ಒಂದಿಂಚು ಇಳಿದರೆ ಆಮೇಲೆ ಸೇರಿಸಿದರಾಯಿತು. ಬೇರುಂಡೆ ಸಮೇತ ಗಿಡ ಬದಲಿಸುವಾಗ ಮಾತ್ರ ಸುತ್ತಲಿನ ಎರಡು ಬೆರಳಿನ ಸಂದಿಗೆ ಕ್ಯಾನು ಹಿಡಿಸದು. ಆಗ, ಅಂತೂ ಇಂತೂ, ಸೆಟ್ಟಿನಲ್ಲಿ ಬಂದ ಕಿರಿದಾದ ಟ್ರಾವೆಲ್‌ಗೆ ಉದ್ಯೋಗ ಸಿಗುತ್ತದೆ. ಹಳೆಯ ಮರದ ಸ್ಕೇಲಿನಿಂದ ಸಂದಿಯ ಮಣ್ಣನ್ನು ತಿವಿಯುತ್ತಾ ಇಳಿಸಬೇಕು, ಇಲ್ಲದಿದ್ದರೆ ಒಳಗೆ ಪೊಳ್ಳು ಉಳಿದು ನೀರೆಲ್ಲ ಅದೇ ದಾರಿ ಹಿಡಿಯುತ್ತದೆ.

ಕೆಲಸ ಮುಗಿದ ಮೇಲೆ ಕ್ಯಾನಿನ ಮೊಗೆಯನ್ನು ತಾರಸಿಯಲ್ಲೇ ಬಿಡಬೇಡಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗಿ, ಇನ್ನೊಂದು ಬೇಸಿಗೆ ಕಳೆಯುವಷ್ಟರಲ್ಲಿ ಮಣ್ಣಿಗೆ ನೂಕಿದ ಕೂಡಲೇ ಹಪ್ಪಳದಂತೆ ಮುರಿಯುತ್ತದೆ. ಮಳೆಗಾಲದಲ್ಲಿ ಮಲಗಿಸಿಟ್ಟರೆ ಅದರೊಳಗೆ ಸೊಳ್ಳೆಯ ಸಂಸಾರ. ನೆರಳಿನಲ್ಲಿ ಮೊಳೆಗೆ ತೂಗುಹಾಕಬೇಕು. ಬಚ್ಚಲುಮನೆಯ ಮೊಳೆ ಮಾತ್ರ ಬೇಡ. ಮುಚ್ಚಳ ಬಿಗಿಯಾಗಿರುವುದರಿಂದ ಅದರಲ್ಲಿ ನೀರೂ ಸೊಗಸಾಗಿ ನಿಲ್ಲುತ್ತದೆ, ಊರಿಂದ ಬಂದ ನೆಂಟರು ‘ಏನ್ರೀ, ನಿಮ್ಮನೆ ಚೊಂಬು ಇಷ್ಟು ದೊಡ್ಡದು!’ ಎನ್ನುತ್ತಾ ಸ್ನಾನ ಮುಗಿಸಿ ಹೊರಬಂದಿರುತ್ತಾರೆ.