ಒಪೇರಾ ಹೌಸ್ ಕೆಳಗಿನ ಸುಣ್ಣ

ಹೊನ್ನಾವರದಿಂದ ಅಮ್ಮ ಬಂದು ಐದು ತಿಂಗಳಾಯಿತು. ಊರಿಂದ ಬಂದವರಿಗೆ ಸಿಡ್ನಿಯ ನಾವೆಲ್ಲ ತೋರಿಸುವ ಪಟ್ಟಿ ಹೆಚ್ಚುಕಡಿಮೆ ಒಂದೇ, ಅಲ್ವಾ? ಒಪೇರಾ ಹೌಸ್ ಮುಂದೆ ಫೋಟೊ, ಮ್ಯಾನ್ಲಿಗೆ ಫೆರಿ, ಬ್ಲೂ ಮೌಂಟನ್ಸ್, ಹೆಲೆನ್ಸ್‌ಬರ್ಗ್ ದೇವಸ್ಥಾನ. ಅಷ್ಟಾದ ಮೇಲೆ ಶಾಪಿಂಗ್ ಮಾಲ್. ನಾನೂ ಹಾಗೇ ಮಾಡಿದ್ದೆ.

ನವೆಂಬರ್‌ನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದೆ. ದೀಪ ಹಚ್ಚುವ ಮೊದಲು ಒಬ್ಬರು ಮೈಕ್ ಹಿಡಿದು, ಈ ನೆಲದ ಮೂಲನಿವಾಸಿಗಳಿಗೂ ಅವರ ಹಿರಿಯರಿಗೂ ಗೌರವ ಸಲ್ಲಿಸುತ್ತೇವೆ ಅಂತ ಇಂಗ್ಲಿಷಿನಲ್ಲಿ ಚೀಟಿ ನೋಡಿಕೊಂಡು ಓದಿದರು. ಹತ್ತು ಸೆಕೆಂಡಿನಲ್ಲಿ ಮುಗಿಯಿತು. ಏನು ಓದಿದ್ದು ಅಂತ ಅಮ್ಮನಿಗೆ ಹೇಳಿದೆ. ವಾಪಸ್ ಬರುವಾಗ ಕಾರಿನಲ್ಲಿ ಅಮ್ಮ ಕೇಳಿದಳು, "ಯಾರಿಗೋ ನಮಸ್ಕಾರ ಹೇಳಿದರಲ್ಲ, ಅವರೂ ಬಂದಿದ್ರೇನೋ?"

ಯಾರೂ ಬಂದಿರಲಿಲ್ಲ. ಹನ್ನೊಂದು ವರ್ಷದಿಂದ ಈ ಊರಲ್ಲಿ ಇದ್ದೇನೆ, ಅವರಲ್ಲಿ ಒಬ್ಬರ ಜೊತೆಯೂ ಹತ್ತು ನಿಮಿಷ ಕೂತು ಮಾತಾಡಿರಲಿಲ್ಲ. ಆ ಪ್ರಶ್ನೆ ತಲೆಯಲ್ಲೇ ಉಳಿಯಿತು.

ಹಿಂದೆ ಒಮ್ಮೆ 'ಮೂಲನಿವಾಸಿ ಸಂಸ್ಕೃತಿ' ಅಂತ ಹಾಕಿದ್ದ ಒಂದು ಬಸ್ ಟೂರಿಗೆ ಹೋಗಿದ್ದೆ. ಕಂಪನಿ ಹೆಸರು ಬೇಡ. ಗೈಡ್ ಮೂಲನಿವಾಸಿ ಅಲ್ಲ, ಲ್ಯಾಮಿನೇಟ್ ಮಾಡಿದ ಕಾರ್ಡು ನೋಡಿ ಓದುತ್ತಿದ್ದ. ದಾರಿಯುದ್ದಕ್ಕೂ ಡಿಜರಿಡೂ ರೆಕಾರ್ಡಿಂಗ್. ಡಿಜರಿಡೂ ಸಿಡ್ನಿ ಕಡೆಯ ವಾದ್ಯವೇ ಅಲ್ಲ, ಅದು ಉತ್ತರ ಆಸ್ಟ್ರೇಲಿಯಾದ್ದು ಅಂತ ಆಮೇಲೆ ಗೊತ್ತಾಯಿತು. ಹಾಗಾಗಿ ಈ ಸಲ ಬುಕ್ ಮಾಡುವ ಮೊದಲು ಫೋನ್ ಮಾಡಿ ನೇರವಾಗಿ ಕೇಳಿದೆ: ನಡೆಸುವವರು ಯಾರು, ಕರೆದುಕೊಂಡು ಹೋಗುವವರು ಯಾರು, ಅವರು ಯಾವ ಕಡೆಯವರು? ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಖುಷಿಯಿಂದಲೇ ಉತ್ತರ ಕೊಟ್ಟರು.

ಏಪ್ರಿಲ್‌ನಲ್ಲಿ ಬೊಟಾನಿಕ್ ಗಾರ್ಡನ್ನಿನಲ್ಲಿ ಮೂಲನಿವಾಸಿ ಗೈಡ್ ಕರೆದುಕೊಂಡು ಹೋಗುವ ಒಂದೂವರೆ ಗಂಟೆಯ ನಡಿಗೆಗೆ ಹೋದೆವು. ಗೈಡ್ ಅರವತ್ತು ದಾಟಿದ ಹೆಂಗಸು. ಎಲ್ಲರೂ 'ಆಂಟಿ' ಅಂತ ಕರೆಯುತ್ತಿದ್ದರು. ಅವರಲ್ಲಿ ಹಿರಿಯರನ್ನು ಹಾಗೇ ಕರೆಯುವುದು, ಆಂಟಿ, ಅಂಕಲ್ ಅಂತ. ಅಮ್ಮನಿಗೆ ಇದು ಬಹಳ ಹಿಡಿಸಿತು, ಆದರೆ ತನ್ನ ವಾರಿಗೆಯವರನ್ನು ಆಂಟಿ ಅನ್ನುವುದು ಹೇಗೆ ಅಂತ ಕೊನೆವರೆಗೂ 'ಅಕ್ಕ' ಅಂತಲೇ ಕರೆದಳು. ಆ ಮಾತಿನ ಅರ್ಥ ಹೇಳಿದಾಗ ಅವರಿಗೂ ಇಷ್ಟವಾಯಿತು.

ಒಂದು ಗಿಡದ ಹತ್ತಿರ ನಿಂತು ನೇರಳೆಗೆಂಪು ಬಣ್ಣದ ಸಣ್ಣ ಹಣ್ಣು ಕೊಟ್ಟರು. ಲಿಲ್ಲಿಪಿಲ್ಲಿ. ಸಿಡ್ನಿಯಲ್ಲಿ ಅರ್ಧ ಮನೆಗಳ ಬೇಲಿ ಅದೇ ಗಿಡ, ನಮ್ಮ ಮನೆಯದೂ. ತಿನ್ನಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಅಮ್ಮ ಕಚ್ಚಿದಳು, ಎಲೆ ಮುರಿದು ಮೂಸಿದಳು. "ಇದು ನೇರಳೆ ಜಾತಿದೇ ಕಣೋ." ಮನೆಗೆ ಬಂದು ನೋಡಿದರೆ ನಿಜ, ಎರಡೂ ಸಿಝೀಜಿಯಂ ಕುಲ. ಆಮೇಲೆ ಉದ್ದ ಹುಲ್ಲಿನಂಥ ಲೊಮಾಂಡ್ರಾ ಎಲೆ ಕಿತ್ತು, ಸೀಳಿ, ತೊಡೆ ಮೇಲೆ ಹೊಸೆದು ಹಗ್ಗ ಮಾಡಿದರು. ಅಮ್ಮ ಪಕ್ಕದಲ್ಲಿ ಕೂತು ಬಾಳೆನಾರು ಹೊಸೆಯುವ ಹಾಗೆ ತಾನೂ ಹೊಸೆದಳು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ. ಆದರೂ ಹತ್ತು ನಿಮಿಷ ಕೈಯಲ್ಲೇ ಮಾತಾಯಿತು.

ಅಲ್ಲಿಂದ ಒಪೇರಾ ಹೌಸ್ ಕಾಣುತ್ತದೆ. ಅದು ನಿಂತಿರುವ ಜಾಗದ ಹೆಸರು ಟುಬೊಗುಲೆ. ಇದು ಗ್ಯಾಡಿಗಲ್ ಎಂಬ ಮೂಲನಿವಾಸಿ ಜನರ ನೆಲ. ಅಲ್ಲಿ ಚಿಪ್ಪಿನ ದೊಡ್ಡ ರಾಶಿಗಳಿದ್ದವು, ತಲೆತಲಾಂತರ ಆ ದಡದಲ್ಲಿ ಕೂತು ಸುಟ್ಟು ತಿಂದ ಚಿಪ್ಪುಮೀನಿನ ರಾಶಿ. 1788ರ ಜನವರಿ 26ಕ್ಕೆ ಇಂಗ್ಲಿಷರು ಬಂದಿಳಿದರು. ಮನೆ ಕಟ್ಟಲು ಇಟ್ಟಿಗೆಯೇನೋ ಆಯಿತು, ಸುಣ್ಣ ಎಲ್ಲಿಂದ ತರುವುದು? ಆ ಚಿಪ್ಪುಗಳನ್ನೇ ಬಾಚಿ ಸುಟ್ಟು ಗಾರೆ ಮಾಡಿದರು. ಆ ಜಾಗಕ್ಕೆ ಸುಣ್ಣ ಸುಡುವವರ ಮೂಲೆ ಅಂತಲೇ ಇಂಗ್ಲಿಷಿನಲ್ಲಿ ಹೆಸರು ಬಿತ್ತು.

ಬೇರೆಯವರು ತಲೆಯಾಡಿಸಿ ಮುಂದೆ ಹೋದರು. ಅಮ್ಮ ನಿಂತುಬಿಟ್ಟಳು. ಚಿಪ್ಪಿನ ಸುಣ್ಣ ಅಂದರೆ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಜ್ಜಿಯ ಎಲೆಅಡಿಕೆ ತಟ್ಟೆಯಲ್ಲಿ ಇದ್ದದ್ದೂ ಅದೇ. "ಅಷ್ಟು ಸುಣ್ಣ ಆಗಬೇಕಾದರೆ ಎಷ್ಟು ಕಾಲದ ಊಟ ಇರಬೇಕೋ ಅದು," ಅಂದಳು. ನಾನು ಆ ಮೆಟ್ಟಿಲ ಮೇಲೆ ನೂರು ಸಲ ಐಸ್‌ಕ್ರೀಂ ತಿಂದಿದ್ದೇನೆ. ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ಇಂಗ್ಲಿಷರು ಬಂದ ಮರುವರ್ಷವೇ, 1789ರಲ್ಲಿ, ಸಿಡುಬು ಬಂತು. ಸುತ್ತಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರು ಅಂತ ಆಗಿನ ಗವರ್ನರ್ ಫಿಲಿಪ್ ಸ್ವತಃ ಅಂದಾಜು ಮಾಡಿದ್ದರು.

ನಮ್ಮ ಗುಂಪಿನಲ್ಲಿ ಒಬ್ಬರು, ನಮ್ಮ ದೇಶದವರೇ, ಗೈಡನ್ನು ಮುಖಕ್ಕೇ ಕೇಳಿದರು, ನೀವು ಬೆಳ್ಳಗಿದ್ದೀರಲ್ಲ, ನಿಜವಾಗಿ ಮೂಲನಿವಾಸಿಯೇ ಹೌದಾ ಅಂತ. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಅವರು ಸಿಟ್ಟಾಗಲಿಲ್ಲ. "ನನ್ನ ಅಜ್ಜಿಗೆ ಆರು ವರ್ಷ ಇದ್ದಾಗ ಸರ್ಕಾರದವರು ಕರೆದುಕೊಂಡು ಹೋದರು. ಅಜ್ಜಿ ಮತ್ತೆ ತನ್ನ ಅಮ್ಮನನ್ನು ನೋಡುವ ಹೊತ್ತಿಗೆ ಮದುವೆಯಾಗಿ ಎರಡು ಮಕ್ಕಳಿದ್ದವು," ಅಂದರು. ಅಷ್ಟೇ. ಹೀಗೆ ಸರ್ಕಾರ ಮನೆಯವರಿಂದ ಬೇರೆ ಮಾಡಿದ ಮೂಲನಿವಾಸಿ ಮಕ್ಕಳ ವಿಷಯಕ್ಕೇ 2008ರ ಫೆಬ್ರವರಿ 13ರಂದು ಆಗಿನ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು. ನಾನು ಕನ್ನಡದಲ್ಲಿ ಹೇಳಿದಾಗ ಅಮ್ಮ ಹೋಗಿ ಅವರ ಕೈ ಹಿಡಿದುಕೊಂಡಳು. ದಯವಿಟ್ಟು ಈ ಬಣ್ಣದ ಪ್ರಶ್ನೆ ಯಾರೂ ಕೇಳಬೇಡಿ.

ಈಗ ನಮ್ಮ ಕಡೆಗೆ, ಅಂದರೆ ಪಶ್ಚಿಮ ಸಿಡ್ನಿಗೆ ಬರುತ್ತೇನೆ. ನಮ್ಮಲ್ಲಿ ಜಾಸ್ತಿ ಜನ ಇರುವುದು ಇಲ್ಲೇ. ಇದು ಡರುಗ್ ಜನರ ನೆಲ. ಪ್ಯಾರಮಟ್ಟಾ ಅನ್ನುವುದು ಅವರ ಮಾತಿನ ಬರ್ರಮಟ್ಟ, ಅಂದರೆ ಹಾವುಮೀನಿನ ಜಾಗ. ಆ ಮೀನು ಈಗಲೂ ಹೊಳೆಯಲ್ಲಿದೆ. ಮೊಟ್ಟೆ ಇಡಲು ಸಮುದ್ರಕ್ಕಿಳಿದು ದೂರದ ಕೋರಲ್ ಸಮುದ್ರದವರೆಗೆ ಹೋಗಿ ಅಲ್ಲೇ ಸಾಯುತ್ತದೆ, ಮರಿಗಳು ತಾವಾಗಿಯೇ ಈ ಕಡೆಯ ಹೊಳೆಗಳಿಗೆ ಬರುತ್ತವೆ. ಪೆಮುಲ್ವಾಯ್ ಬಡಾವಣೆಯಲ್ಲಿ ಮನೆ ಕೊಂಡವರು ಎಷ್ಟು ಜನ ಇದ್ದೀರಿ! ಅದು ಒಬ್ಬ ಮೂಲನಿವಾಸಿ ವೀರನ ಹೆಸರು. 1797ರಲ್ಲಿ ಪ್ಯಾರಮಟ್ಟಾದಲ್ಲೇ ಬ್ರಿಟಿಷ್ ಸೈನಿಕರ ಎದುರು ಹೋರಾಡಿ, ಏಳು ಗುಂಡು ತಗುಲಿ, ಕಾಲಿಗೆ ಬೇಡಿ ಇದ್ದರೂ ಆಸ್ಪತ್ರೆಯಿಂದ ತಪ್ಪಿಸಿಕೊಂಡ. 1802ರಲ್ಲಿ ಕೊಂದರು, ತಲೆ ಕಡಿದು ಇಂಗ್ಲೆಂಡಿಗೆ ಕಳಿಸಿದರು. ಆ ತಲೆ ಇವತ್ತಿಗೂ ಸಿಕ್ಕಿಲ್ಲ. ಸಂಗೊಳ್ಳಿ ರಾಯಣ್ಣನ ಲಾವಣಿ ಕೇಳಿ ಬೆಳೆದ ನಮಗೆ ಈ ಕಥೆ ಯಾರೂ ಹೇಳಿಕೊಡಬೇಕಾಗಿಲ್ಲ, ಗೊತ್ತಾದರೆ ಸಾಕು.

ಬ್ಲ್ಯಾಕ್‌ಟೌನ್ ಹೆಸರು ಬಂದದ್ದು ಹೇಗೆ ಅಂತ ಕೇಳಿದ್ದೀರಾ? ಗವರ್ನರ್ ಮಕ್ವಾರಿ ಮೂಲನಿವಾಸಿ ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಓದಿಸಲು ಪ್ಯಾರಮಟ್ಟಾದಲ್ಲಿ ಒಂದು ಸಂಸ್ಥೆ ಮಾಡಿದ. 1823ರಲ್ಲಿ ಅದನ್ನು ಇಲ್ಲಿಗೆ ತಂದರು, ಅದರಿಂದಲೇ ಈ ಹೆಸರು. ಆ ಶಾಲೆಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು 1819ರ ಪರೀಕ್ಷೆಯಲ್ಲಿ ಬಿಳಿಯರ ಮಕ್ಕಳನ್ನೆಲ್ಲ ಹಿಂದೆ ಹಾಕಿ ಮೊದಲ ಬಹುಮಾನ ಪಡೆದಳು. ಅವಳು ಮರಿಯಾ ಲಾಕ್ ಅಂತ ಗುರುತಿಸುತ್ತಾರೆ. ಇವತ್ತಿನ ಎಷ್ಟೋ ಡರುಗ್ ಕುಟುಂಬಗಳಿಗೆ ಅವಳೇ ಮೂಲ ಅಜ್ಜಿ. ಗಿರಾವೀನ್ ಹೈಸ್ಕೂಲಿನ ಸೀಟಿಗಾಗಿ ನಾಲ್ಕನೇ ಕ್ಲಾಸಿನಿಂದಲೇ ಟ್ಯೂಷನ್ನಿಗೆ ಹಾಕುತ್ತೇವಲ್ಲ, ಆ ಮಕ್ಕಳಿಗೆ ಅವಳ ಹೆಸರು ಹೇಳಿ. ಬ್ಲ್ಯಾಕ್‌ಟೌನಿನಲ್ಲಿ ಆ ಶಾಲೆ ಇದ್ದ ಜಾಗವನ್ನು 2018ರಲ್ಲಿ ಡರುಗ್ ಜನರಿಗೆ ವಾಪಸ್ ಕೊಟ್ಟರು.

ಭಾಷೆಯ ವಿಷಯವೂ ಇದೆ. ಸಿಡ್ನಿಯ ಮೂಲ ಭಾಷೆಯನ್ನು ಈಗ ಮತ್ತೆ ಕಲಿಯುವವರಿಗೆ ದೊಡ್ಡ ಆಸರೆ ವಿಲಿಯಂ ಡಾಸ್ ಎಂಬ ಇಂಗ್ಲಿಷ್ ಅಧಿಕಾರಿ 1790ರ ಹೊತ್ತಿಗೆ ಬರೆದಿಟ್ಟ ಸಣ್ಣ ನೋಟ್‌ಬುಕ್ಕುಗಳು. ಅವನಿಗೆ ಮಾತು ಕಲಿಸಿದವಳು ಪಟ್ಯೆಗರಾಂಗ್ ಎಂಬ ಎಳೆಯ ಹುಡುಗಿ. ನವೆಂಬರ್‌ನಲ್ಲಿ ಬಾವುಟ ಹಾರಿಸುವ ನಮಗೆ ಇದು ಮನಸ್ಸಿಗೆ ತಟ್ಟಬೇಕು. ಮುಂದಿನ ರಾಜ್ಯೋತ್ಸವಕ್ಕೆ ಚೀಟಿ ಓದುವ ಬದಲು ಒಬ್ಬ ಡರುಗ್ ಹಿರಿಯರನ್ನೇ ಕರೆಯೋಣ. ಅವರಿಗೆ ಸಂಭಾವನೆ ಕೊಟ್ಟು, ಮುಂದಿನ ಸಾಲಿನಲ್ಲಿ ಕೂರಿಸಿ, ಊಟ ಹಾಕಿ ಕಳಿಸೋಣ.

ಸುಮ್ನೆ ಒಂದೂವರೆ ಗಂಟೆ ನಡೆಯುವುದಕ್ಕೆ ಅಷ್ಟು ದುಡ್ಡಾ ಅಂತ ಗೆಳೆಯನೊಬ್ಬ ಕೇಳಿದ. ಹಾರ್ಬರ್ ಬ್ರಿಡ್ಜ್ ಹತ್ತಲು ಇದೇ ನಾವು ನೂರಾರು ಡಾಲರ್ ಕೊಡುತ್ತೇವೆ. ಇಲ್ಲಿ ಆ ದುಡ್ಡು ಈ ನೆಲದವರ ಮನೆಗೆ ಹೋಗುತ್ತದೆ. ಊರಿಗೆ ಒಯ್ಯುವ ಬೂಮರಾಂಗ್ ಕೊಳ್ಳುವಾಗಲೂ ಮಾಡಿದವರ ಹೆಸರು ಇದೆಯಾ ನೋಡಿ. ಇಂಡೋನೇಷ್ಯಾದಲ್ಲಿ ಮಾಡಿಸಿದ್ದನ್ನು ಇಲ್ಲಿನವರು ಕೈಯಾರೆ ಮಾಡಿದ್ದು ಅನ್ನುವ ಹಾಗೆ ಮಾರಿದ ಕಂಪನಿಯೊಂದಕ್ಕೆ 2019ರಲ್ಲಿ ಕೋರ್ಟು 23 ಲಕ್ಷ ಡಾಲರ್ ದಂಡ ಹಾಕಿದೆ. ಕುರಿಂಗೈ ಚೇಸ್ ಕಾಡಿಗೆ ಬಂಡೆ ಮೇಲಿನ ಕೆತ್ತನೆ ನೋಡಲು ಹೋಗುವವರು ಬೆಳಿಗ್ಗೆ ಅಥವಾ ಸಂಜೆ ಹೋಗಿ, ಓರೆ ಬಿಸಿಲಿಗೆ ಗೆರೆ ಚೆನ್ನಾಗಿ ಕಾಣುತ್ತವೆ. ಕೆತ್ತನೆ ಮೇಲೆ ಕಾಲಿಡಬೇಡಿ, ಮಕ್ಕಳನ್ನೂ ಬಿಡಬೇಡಿ.

ಅಮ್ಮ ವಾಪಸ್ ಹೋಗಲು ಇನ್ನು ಮೂರು ವಾರ ಇದೆ. ಬರುವ ಶನಿವಾರ ಪ್ಯಾರಮಟ್ಟಾ ಹೊಳೆ ಪಕ್ಕ ಡರುಗ್ ಗೈಡ್ ಜೊತೆ ಇನ್ನೊಂದು ನಡಿಗೆಗೆ ಬುಕ್ ಮಾಡಿದ್ದೇನೆ. ಹಾವುಮೀನು ನೋಡಲೇಬೇಕು ಅಂತ ಅವಳ ಹಟ. ನಮ್ಮ ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಬರುವವರು ಗುರುವಾರದೊಳಗೆ ಮೆಸೇಜ್ ಮಾಡಿ.