ಸತ್ಯಾಂಶ: ಎಂಬಿಎ ಬಿ.ಕಾಂ. ಪದವೀಧರರಿಗೆ ಮಾತ್ರವೇ?

‘ಬಿ.ಕಾಂ. ಅಥವಾ ಬಿಬಿಎ ಮುಗಿಸಿದವರಿಗೆ ಮಾತ್ರ ಎಂಬಿಎ ಪ್ರವೇಶ, ಬಿ.ಎ. ಓದಿದವರು ಅರ್ಜಿ ಶುಲ್ಕ ಕಳೆದುಕೊಳ್ಳಬೇಡಿ’ ಎಂಬ ಸಂದೇಶ ವಿಜಯಪುರದ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತದೆ. ಇದು ತಪ್ಪು.

ಕನಿಷ್ಠ 3 ವರ್ಷಗಳ ಯಾವುದೇ ಮಾನ್ಯ ಪದವಿಯಲ್ಲಿ ಶೇ 50ರಷ್ಟು ಅಂಕ ಪಡೆದವರು, ಓದಿದ ವಿಷಯ ಇತಿಹಾಸವಾಗಿರಲಿ, ಕೃಷಿಯಾಗಿರಲಿ, ಎಂಜಿನಿಯರಿಂಗ್ ಆಗಿರಲಿ, ಎಂಬಿಎಗೆ ಅರ್ಹರು; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ–1ರ ಅಭ್ಯರ್ಥಿಗಳಿಗೆ ಈ ಮಿತಿ ಶೇ 45. ಸರ್ಕಾರಿ ಕೋಟಾದ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ (ಸ್ನಾತಕೋತ್ತರ ಕೋರ್ಸ್‌ಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಬರೆಯಬೇಕು. ಅಲ್ಲಿ ಪರೀಕ್ಷಿಸುವುದು ಇಂಗ್ಲಿಷ್, ತಾರ್ಕಿಕ ಶಕ್ತಿ, ಗಣಿತ ಹಾಗೂ ಸಾಮಾನ್ಯ ಜ್ಞಾನವನ್ನೇ ಹೊರತು ವಾಣಿಜ್ಯಶಾಸ್ತ್ರವನ್ನಲ್ಲ.

ವದಂತಿಗೆ ಒಂದು ನೆಪವಂತೂ ಇದೆ. 2 ವರ್ಷ, 4 ಸೆಮಿಸ್ಟರ್‌ಗಳ ಈ ಕೋರ್ಸಿನ ಆರಂಭದಲ್ಲೇ ಲೆಕ್ಕಶಾಸ್ತ್ರ ಎದುರಾಗುವುದರಿಂದ ಕಲಾ ವಿಭಾಗದವರು ಬೆದರುವುದು ಸಹಜ. ಆದರೆ ಅದನ್ನು ಮೊದಲಿನಿಂದಲೇ ಕಲಿಸುತ್ತಾರೆ: ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಶೀತಲಗೃಹಕ್ಕೆ ಕೊಟ್ಟ ಬಾಡಿಗೆ ಲೆಕ್ಕಪುಸ್ತಕದಲ್ಲಿ ಡೆಬಿಟ್ ಆಗಿ ಎಡಕ್ಕೂ, ಅದಕ್ಕಾಗಿ ಕೈಯಿಂದ ಹೋದ ನಗದು ಕ್ರೆಡಿಟ್ ಆಗಿ ಬಲಕ್ಕೂ ಏಕೆ ಬರುತ್ತದೆ ಎಂಬುದು ತಿಳಿದರೆ ಅರ್ಧ ಭಯ ಕಳೆಯುತ್ತದೆ. (ಬಿ.ಕಾಂ.ನವರಿಗೆ ಇಲ್ಲಿ ಕೆಲವು ವಾರಗಳ ನಿರಾಳ, ಅಷ್ಟೇ.) ಮುಂದೆ ಹಣಕಾಸು, ಮಾರುಕಟ್ಟೆ, ಮಾನವ ಸಂಪನ್ಮೂಲ ಮುಂತಾದ ವಿಶೇಷ ವಿಷಯಗಳ ಆಯ್ಕೆ, ಕೊನೆಗೆ ಯಾವುದಾದರೊಂದು ಸಂಸ್ಥೆಯಲ್ಲಿ ಅಧ್ಯಯನ ನಡೆಸಿ ಬರೆಯುವ ಪ್ರಾಜೆಕ್ಟ್ ವರದಿ ಇರುತ್ತದೆ.

ಪದವಿಯ ಅಂತಿಮ ಸೆಮಿಸ್ಟರ್‌ನಲ್ಲಿರುವವರೂ ಪಿಜಿಸಿಇಟಿಗೆ ಅರ್ಜಿ ಹಾಕಬಹುದು. ದಾಖಲೆ ಪರಿಶೀಲನೆಯ ವೇಳೆಗೆ ಅಂಕಪಟ್ಟಿಗಳು ಕೈಯಲ್ಲಿರಬೇಕು.