ಬೆನ್ನಿಗೊಂದು ಫ್ಯಾನು

ಏಪ್ರಿಲ್ ತಿಂಗಳ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರನ್ನು ಯಾರೂ ಸೀದಾ ಹತ್ತುವುದಿಲ್ಲ. ಮೊದಲು ನಾಲ್ಕೂ ಬಾಗಿಲು ತೆಗೆಯುತ್ತಾರೆ. ಸ್ವಲ್ಪ ದೂರ ಹೋಗಿ ಯಾರಿಗೋ ಸುಮ್ನೆ ಒಂದು ಫೋನ್ ಮಾಡುತ್ತಾರೆ. ಆಮೇಲೆ ಸೀಟಿಗೆ ಅಂಗೈ ತಾಗಿಸಿ ನೋಡಿ, ಟವೆಲ್ ಹಾಸಿ, ಅರ್ಧ ಊರಿ ಅರ್ಧ ಎತ್ತಿ ಕೂರುತ್ತಾರೆ. ಸುಡು ಬಿಸಿಲಲ್ಲಿ ಒಂದು ತಾಸು ನಿಂತರೆ ಸೀಟು 50 ಡಿಗ್ರಿ ಮುಟ್ಟುತ್ತದೆ. ಡ್ಯಾಶ್‌ಬೋರ್ಡ್ ಅಂತೂ 70ರ ಹತ್ತಿರ ಹೋಗುತ್ತದೆ. ರೊಕ್ಕ ಕೊಟ್ಟು ಸೀಟು ಬಿಸಿ ಮಾಡಿಸಿಕೊಳ್ಳುವ ಜನರೂ ಇದ್ದಾರೆ ಅಂದರೆ ಚನ್ನಮ್ಮ ಸರ್ಕಲ್ಲಿನಲ್ಲಿ ಯಾರೂ ನಂಬಲಿಕ್ಕಿಲ್ಲ.

ಆದರೆ ಇದ್ದಾರೆ. ಅದೂ ಇಂದು ನಿನ್ನೆಯ ಮಾತಲ್ಲ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬೇಕಾದವರಿಗೆ 1966ರಲ್ಲೇ ಬಿಸಿ ಸೀಟು ಹಾಕಿ ಕೊಡುತ್ತಿದ್ದರು. ಸ್ವೀಡನ್ನಿನ ಸಾಬ್ ಕಂಪನಿ 1970ರ ದಶಕದ ಶುರುವಿನಲ್ಲಿ, ಯಾರೂ ಕೇಳದಿದ್ದರೂ, ಡ್ರೈವರ್ ಸೀಟಿಗೆ ಹೀಟರ್ ಕೂಡಿಸಿಯೇ ಕಾರು ಮಾರಿತು. ಅಲ್ಲಿನ ಚಳಿ ಅಂಥದ್ದು. ಎಂಜಿನ್ ಕಾದು ಒಳಗೆ ಬೆಚ್ಚನೆ ಗಾಳಿ ಬರುವಷ್ಟರಲ್ಲಿ ಆಫೀಸೇ ಬಂದುಬಿಟ್ಟಿರುತ್ತದೆ.

ಬಿಸಿ ಸೀಟಿನಲ್ಲಿ ದೊಡ್ಡ ವಿದ್ಯೆ ಏನೂ ಅಡಗಿಲ್ಲ. ಸ್ಪಂಜಿಗೂ ಮೇಲಿನ ಹೊದಿಕೆಗೂ ನಡುವೆ ತೆಳ್ಳನೆಯ ತಂತಿಯನ್ನು ಆಚೆಯಿಂದ ಈಚೆಗೆ ಓಡಾಡಿಸಿ ಕೂರಿಸಿರುತ್ತಾರೆ. ಈಗೀಗ ಕೆಲವದರಲ್ಲಿ ಕಾರ್ಬನ್ ಎಳೆ. ಬ್ಯಾಟರಿಯ ಕರೆಂಟು ಆ ಇಕ್ಕಟ್ಟಿನಲ್ಲಿ ತಿಣುಕಿ ತಿಣುಕಿ ಹರಿಯುತ್ತದೆ. ಆ ತಿಣುಕಾಟವೇ ಬಿಸಿ. ಒಂದು ಸೀಟಿಗೆ 50ರಿಂದ 100 ವ್ಯಾಟ್ ಇದ್ದರೆ ಧಾರಾಳ. ನಮ್ಮ ಚರ್ಮವೇ 33–34 ಡಿಗ್ರಿ ಇರುವುದರಿಂದ ಸೀಟು 40ರ ಆಸುಪಾಸು ಬಂದರೂ ಹಿತವಾಗಿ ಕಾಯಿಸಿದ ಹಾಗಾಗುತ್ತದೆ. ಒಳಗೊಂದು ಸೆನ್ಸರ್ ಇರುತ್ತದೆ. ಬಿಸಿ ಜಾಸ್ತಿಯಾದರೆ ಕರೆಂಟು ಕಡಿಯುತ್ತದೆ, ಆರಿದರೆ ಮತ್ತೆ ಬಿಡುತ್ತದೆ. ಬ್ಯಾಟರಿ ಕಾರಿನವರಿಗಂತೂ ಇದು ಉಳಿತಾಯದ ದಾರಿ. ಇಡೀ ಕಾರಿನ ಗಾಳಿ ಕಾಯಿಸಲು ಕಿಲೋವ್ಯಾಟ್ ಲೆಕ್ಕದಲ್ಲಿ ಕರೆಂಟು ಬೇಕು. ಕೂತವನ ಬೆನ್ನಷ್ಟೇ ಕಾಯಿಸಿದರೆ ಅಷ್ಟು ಕರೆಂಟು ದಾರಿ ಸವೆಸಲು ಸಿಗುತ್ತದೆ.

ಇನ್ನು ತಂಪು ಸೀಟು. ಇದು ನಮಗೆ ಸಂಬಂಧಪಟ್ಟದ್ದು, ತುಸು ತಲೆ ತಿನ್ನುವಂಥದ್ದೂ ಹೌದು. ಬಿಸಿಯನ್ನು ಹುಟ್ಟಿಸಬಹುದು, ತಂಪನ್ನು ಯಾರೂ ಹುಟ್ಟಿಸಲಾರರು. ಇದ್ದ ಬಿಸಿಯನ್ನೇ ಇಲ್ಲಿಂದ ಎತ್ತಿ ಇನ್ನೊಂದು ಕಡೆ ಸಾಗಹಾಕಬೇಕು. ಇದಕ್ಕೆ 1834ರಲ್ಲೇ ಒಂದು ದಾರಿ ಸಿಕ್ಕಿತ್ತು. ಫ್ರಾನ್ಸಿನ ಪೆಲ್ಟಿಯೆ ಮೊದಲು ಗಡಿಯಾರದ ವ್ಯಾಪಾರ ಮಾಡಿಕೊಂಡಿದ್ದವನು. ಮೂವತ್ತರ ಹೊತ್ತಿಗೆ ಅದನ್ನು ಬಿಟ್ಟು ವಿಜ್ಞಾನದ ಬೆನ್ನು ಹತ್ತಿದ. ಎರಡು ಬೇರೆ ಬೇರೆ ಲೋಹ ಕೂಡಿದ ಜಾಗದಲ್ಲಿ ಕರೆಂಟು ಹರಿಸಿದರೆ ಒಂದು ಕೂಡುಜಾಗ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ ಅನ್ನುವುದು ಅವನಿಗೆ ಕಂಡಿತು. 1838ರಲ್ಲಿ ಲೆಂಜ್ ಎಂಬುವನು ಬಿಸ್ಮತ್ ಮತ್ತು ಆಂಟಿಮನಿ ಕೂಡಿದ ಕಡೆ ಒಂದು ಹನಿ ನೀರಿಟ್ಟು ಕರೆಂಟು ಬಿಟ್ಟ. ಹನಿ ಮಂಜುಗಡ್ಡೆಯಾಯಿತು. ಕರೆಂಟನ್ನು ತಿರುಗಾಮುರುಗಾ ಮಾಡಿದ. ಕರಗಿ ನೀರಾಯಿತು. ಒಂದೇ ಸಾಮಾನು, ಎರಡೂ ಕೆಲಸ! 2000ದ ಮಾಡೆಲ್ ಲಿಂಕನ್ ನ್ಯಾವಿಗೇಟರ್ ಕಾರಿನಲ್ಲಿ ಸೀಟು ಬಿಸಿ ಮಾಡಲಿಕ್ಕೂ ತಂಪು ಮಾಡಲಿಕ್ಕೂ ಈ ಉಪಾಯವನ್ನೇ ಬಳಸಿದರು. ಆದರೆ ಅಲ್ಲೂ ಎತ್ತಿದ ಬಿಸಿಯನ್ನು ಎಲ್ಲೋ ಸುರಿಯಬೇಕಲ್ಲ. ಅದು ಸೀಟಿನ ಬುಡದಿಂದ ಕಾರಿನೊಳಕ್ಕೇ ಬರುತ್ತದೆ. ಆಮೇಲೆ ಅದನ್ನು ಹೊರಗೆ ಹಾಕುವ ಪಾಡು ಎಸಿಯದ್ದು.

ನಮ್ಮ ರಸ್ತೆಯಲ್ಲಿ ಓಡಾಡುವ ಕಾರುಗಳಲ್ಲಿ ಸಾಮಾನ್ಯವಾಗಿ ಇಷ್ಟೆಲ್ಲ ಇಲ್ಲ. ಬರೀ ಫ್ಯಾನು. ಸಾಬ್ 9-5 ಕಾರಿನಲ್ಲಿ 1997ರ ಹೊತ್ತಿಗೆ ಬಂದದ್ದು, ಇಲ್ಲಿ 2017ರ ವೆರ್ನಾದಂಥ ಕಾರಿಗೆ ಇಳಿಯಿತು. ಈಗ ಟಾಪ್ ಮಾಡೆಲ್ ಅಂದರೆ ಜನ ಮೊದಲು ಕೇಳುವುದೇ ಇದನ್ನು. ಕೇಳುವುದು ನ್ಯಾಯವೇ. ಎಸಿ ಎಷ್ಟೇ ಜೋರಾಗಿ ಬೀಸಿದರೂ ಅದರ ಗಾಳಿ ಮುಖಕ್ಕೆ, ಎದೆಗೆ. ಬೆನ್ನು ಸೀಟಿಗೆ ಅಂಟಿಕೊಂಡು ಬೇಯುತ್ತಲೇ ಇರುತ್ತದೆ. ಧಾರವಾಡದಿಂದ ಹಾವೇರಿಗೆ ಹೋಗುವಷ್ಟರಲ್ಲಿ ಎದೆಗೆ ಊಟಿ, ಬೆನ್ನಿಗೆ ಬಳ್ಳಾರಿ. ಇಳಿದು ನಿಂತವನ ಅಂಗಿಯ ಹಿಂಭಾಗ ನೋಡಿದರೆ ಸೀಟಿನ ಹೊಲಿಗೆ ಎಲ್ಲೆಲ್ಲಿದೆ ಎಂದು ಹೇಳಬಹುದು.

ಇಂಥ ಒಂದು ಸೀಟನ್ನು ನಮ್ಮೂರಿನ ಸೀಟ್ ಕವರ್ ಅಂಗಡಿಯಲ್ಲಿ ಬಿಚ್ಚಿ ಇಟ್ಟಿದ್ದರು. ಮೇಲಿನ ಹೊದಿಕೆಯ ತುಂಬ ಸಾಸಿವೆ ಕಾಳಿಗಿಂತ ಸಣ್ಣ ತೂತು. ಅದರ ಕೆಳಗೆ ಒಂದು ಒರಟು ಜಾಳಿಗೆ. ಇದರದ್ದೇ ಮುಖ್ಯ ಕೆಲಸ. ಎಂಬತ್ತು ಕಿಲೋದ ಆಸಾಮಿ ಕೂತರೂ ಇದು ಪೂರ್ತಿ ಚಪ್ಪಟೆಯಾಗಬಾರದು, ಗಾಳಿಗೆ ದಾರಿ ಬಿಡಬೇಕು. ಜಾಳಿಗೆಯ ಕೆಳಗೆ ಸ್ಪಂಜಿನಲ್ಲೇ ಕೊರೆದ ಕಾಲುವೆಗಳು. ಅವೆಲ್ಲ ಬಂದು ಸೇರುವ ಕಡೆ ಅಂಗೈಯಗಲದ ಒಂದು ಫ್ಯಾನು. ಕೆಲವು ಕಾರಿನಲ್ಲಿ ಅದು ಗಾಳಿಯನ್ನು ಮೇಲಕ್ಕೆ ಊದುತ್ತದೆ, ಕೆಲವದರಲ್ಲಿ ಮೇಲಿನ ಗಾಳಿಯನ್ನು ಕೆಳಕ್ಕೆ ಎಳೆಯುತ್ತದೆ. ನನಗೆ ಕೇಳಿದರೆ ಎಳೆಯುವುದೇ ವಾಸಿ. ಎಸಿಯಿಂದ ತಣ್ಣಗಾದ ಗಾಳಿ ಬೆನ್ನು ಸವರಿಕೊಂಡು ಹೋಗುತ್ತದೆ. ಊದುವ ಫ್ಯಾನು ಸೀಟಿನ ಬುಡದ ಗಾಳಿಯನ್ನೇ ನಂಬಬೇಕು. ಕಾರು ಈಗಷ್ಟೇ ಬಿಸಿಲಿಂದ ಹೊರಟಿದ್ದರೆ ಅಲ್ಲಿರುವುದು ಬಿಸಿ ಗಾಳಿಯೇ.

ಹಾಗಾದರೆ ಬರೀ ಫ್ಯಾನಿನಿಂದ ತಂಪು ಹೇಗೆ? ಬೆವರಿನಿಂದ. ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣಿಸಬೇಕಾದರೆ ಅದರಿಂದ ನಾಲ್ಕು ಚಿಲ್ಲರೆ ಜೂಲ್ ಬಿಸಿ ತೆಗೆದರೆ ಸಾಕು. ಅದೇ ಒಂದು ಗ್ರಾಂ ಬೆವರು ಆರಿ ಹೋಗುವಾಗ ಸುಮಾರು 2,400 ಜೂಲ್ ಬಿಸಿಯನ್ನು ಹೊತ್ತೊಯ್ಯುತ್ತದೆ. ಅದರಲ್ಲಿ ಹೆಚ್ಚಿನದು ನಮ್ಮ ಮೈಯಿಂದಲೇ. ಮೈ ಈ ಕೆಲಸ ಮಾಡಲು ಯಾವಾಗಲೂ ತಯಾರು. ಸೀಟು ಬೆನ್ನಿಗೆ ಮೆತ್ತಿಕೊಂಡು ಅದಕ್ಕೆ ಅಡ್ಡ ಬಂದಿರುತ್ತದೆ, ಅಷ್ಟೇ. ಫ್ಯಾನು ಆ ಅಡ್ಡಿ ತೆಗೆಯುತ್ತದೆ. ಹಗ್ಗದ ಹೊರಸಿನ ಮೇಲೆ ಮಲಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಗಾದಿ ಬಿಟ್ಟು ಹಿರಿಯರು ಹೊರಸನ್ನು ಅಂಗಳಕ್ಕೆ ಎಳೆಯುತ್ತಿದ್ದದ್ದು ಅದಕ್ಕೇ. ಹಗ್ಗದ ಸಂದಿಯಿಂದ ಕೆಳಗಿನ ಗಾಳಿ ಬೆನ್ನಿಗೆ ತಾಗುತ್ತಿತ್ತು.

ಈ ವಿಷಯದಲ್ಲಿ ಬಯಲುಸೀಮೆಯವರು ಪುಣ್ಯವಂತರು. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆಯ ಗಾಳಿ ಒಣಗಾಳಿ. ಗಾಳಿ ಮೈಗಿಂತ ಬಿಸಿಯಿದ್ದರೂ ಬೆವರನ್ನು ಬೇಗ ಕುಡಿದುಬಿಡುತ್ತದೆ. ಇದೇ ಕಾರನ್ನು ಎಸಿ ಹಾಕದೆ ಮಂಗಳೂರಿನಲ್ಲಿ ಓಡಿಸಿದರೆ ಫ್ಯಾನು ಪಾಪ ತಿರುಗೇ ತಿರುಗುತ್ತದೆ. ಅಲ್ಲಿನ ಗಾಳಿಗೆ ಮೊದಲೇ ಹೊಟ್ಟೆ ತುಂಬಿರುತ್ತದೆ.

ನನ್ನ ಅಳಿಯ ಇಂಥದ್ದೇ ಕಾರು ತಂದ. ಅಳಿಯ ಅಂದರೆ ತಂಗಿಯ ಮಗ. ಕಾರು ತಂದ ವಾರದಲ್ಲೇ ಗದಗಿನ ವೀರನಾರಾಯಣನ ದರ್ಶನಕ್ಕೆ ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಊರು ದಾಟಿದ ಮೇಲೆ ಸೀಟಿನ ಗಾಳಿಯ ಬಟನ್ ಒತ್ತಿದ. ಅವ್ವ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿದಳು.

"ಯಪ್ಪಾ, ಸೀಟು ಎಲ್ಲ್ಯರೆ ಹರದೈತೇನ ನೋಡೋ. ಕೆಳಗಿಂದ ಗಾಳಿ ಬರಾಕತ್ತೈತಿ."

"ಹರದಿಲ್ಲ ಆಯಿ. ಆ ಗಾಳಿಗೇ ಹೆಚ್ಚಿಗಿ ರೊಕ್ಕಾ ಕೊಟ್ಟೀನಿ."

"ಗಾಳಿಗೆ ರೊಕ್ಕಾ ಕೊಟ್ಟಿಯಾ? ನಿಮ್ಮಪ್ಪಗ ಗೊತ್ತೈತಿಲ್ಲೋ?"

ಅಣ್ಣಿಗೇರಿ ಬರುವಷ್ಟರಲ್ಲಿ ಅವ್ವ ತಾನು ತಂದಿದ್ದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಕಿಕೊಂಡು ಆರಾಮಾಗಿ ಕೂತಳು. ಗದಗಿನ ತನಕ ಫ್ಯಾನು ಆ ಕೌದಿಗೆ ಗಾಳಿ ಹಾಕಿತು.

ಅವ್ವನನ್ನೇ ಯಾಕೆ ಅನ್ನಬೇಕು? ಟಾಪ್ ಮಾಡೆಲ್ ಕೊಂಡ ನಮ್ಮವರು ಮಾಡುವ ಮೊದಲ ಕೆಲಸವೇ ದಪ್ಪ ರೆಕ್ಸಿನ್ ಕವರ್ ಹಾಕಿಸುವುದು. ಸೀಟು ಹೊಲಸಾಗಬಾರದು, ಅಲ್ವಾ? ಕಂಪನಿಯವರು ಸಾವಿರಾರು ತೂತು ಹಾಕಿ ಕೊಟ್ಟದ್ದನ್ನು ನಾವು ಒಂದೇ ದಿನದಲ್ಲಿ ಮುಚ್ಚುತ್ತೇವೆ. ಹಾಗೆ ನೋಡಿದರೆ ಕವರ್ ಹಾಕಿಸುವವರ ಕಡೆಯೂ ನ್ಯಾಯವಿದೆ. ಹುಬ್ಬಳ್ಳಿಯ ಧೂಳು ಸಾಮಾನ್ಯದ್ದಲ್ಲ. ಅದರ ಮೇಲೆ ಗಿರಮಿಟ್ಟು ತಿನ್ನುವ ಚಟ. ಎಳೆಯುವ ಫ್ಯಾನಿನ ಸೀಟಿನ ಮೇಲೆ ಕೂತು ಚುರುಮುರಿ ಚೆಲ್ಲಿದರೆ ಪುಡಿಯೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಬೇರೆ ಹೇಳಬೇಕೆ?

ಅಳಿಯನೂ ಕವರ್ ಅಂತ ಹಟ ಹಿಡಿದ. ಅಂಗಡಿಯವನು ಬೆರಳಲ್ಲಿ ಸೀಟಿನ ತೂತು ಸವರಿ ನೋಡಿ ನಕ್ಕ.

"ಇದರ ಮ್ಯಾಲ ಸಾದಾ ಕವರ್ ಹಾಕಿದ್ರ ಫ್ಯಾನ್ ಒಳಗ ಕುಂತು ಅಳಬೇಕ್ರೀ. ತೂತಿಂದು ಐತಿ, ಬದಿಗೆ ಏರ್‌ಬ್ಯಾಗಿಗೆ ಜಾಗಾ ಬಿಟ್ಟು ಹೊಲದದ್ದು. ಅದನ್ನ ಹಾಕಸ್ರಿ."

"ರೇಟು?"

"ಸಾದಾಕ್ಕಿಂತ ಸ್ವಲ್ಪ ಜಾಸ್ತಿ ಆಗ್ತೈತ್ರಿ."

"ತೂತು ಹಾಕಿದ್ರ ರೆಕ್ಸಿನ್ ಕಡಿಮಿ ಆತಲ್ರೀ. ರೇಟು ಜಾಸ್ತಿ ಹೆಂಗ?" ಎಂದು ಅಳಿಯ ಚೌಕಾಶಿಗೆ ಇಳಿದ.